ಬೇಡವೆಂದು ನಿಂತ ಗೊಂಬೆ

ನಮ್ಮ ಯಜಮಾನರ ಗೊಂಬೆ ನಮ್ಮ ಯಜಮಾನರಿಗಿಂತ ಚೆನ್ನಾಗಿ ಕಾಣುತ್ತಿತ್ತು. ನನ್ನ ಮೊದಲ ತಕರಾರು ಅದೇ. ಮೀಸೆ ಕಪ್ಪಗೆ, ಅಂಗಿಗೆ ಇಸ್ತ್ರಿ, ಹೊಟ್ಟೆ ಇದ್ದೂ ಇಲ್ಲದಂತೆ. ಪರದೆಯ ಮೇಲೆ ಹಿಮದ ಹೊಗೆಯೊಳಗಿಂದ ನಡೆದು ಬಂದು ಕೈ ಮುಗಿಯುತ್ತಿತ್ತು. ಅದರ ಸುತ್ತ ಕೆಂಪು ಮೆಣಸಿನಕಾಯಿಗಳು ಚಿಟ್ಟೆಗಳ ಹಾಗೆ ಹಾರುತ್ತಿದ್ದವು.

"ಮೆಣಸಿನಕಾಯಿ ಯಾಕ್ರಿ ಹಾರಬೇಕು?" ಎಂದು ಕೇಳಿದೆ.

"ಇಪ್ಪತ್ತು ವರ್ಷ ಬ್ಯಾಡಗಿ ಮೆಣಸಿನಕಾಯಿ ತಂಪಿನ್ಯಾಗ ಕಾದಾಂವ ನಾನು. ಧಣಿಗೋಳು ನೋಡಿದ ಕೂಡಲೇ ತಿಳೀಬೇಕಲ್ಲ," ಎಂದರು ಮಡಿವಾಳಪ್ಪನವರು, ಅಂದರೆ ನಮ್ಮ ಯಜಮಾನರು. ಸ್ಟುಡಿಯೋದ ನಜೀರ್ ಕಂಪ್ಯೂಟರಿನ ಹಿಂದಿನಿಂದ ಹಲ್ಲು ಬಿಟ್ಟ. ಹಾರುವುದೆಲ್ಲ ಅವನ ತಲೆಯಿಂದ ಬಂದದ್ದು.

ಈಗ ಕೆಲಸ ಕೇಳಿಕೊಂಡು ಯಾರೂ ಕಾಗದ ಹಿಡಿದು ಓಡಾಡುವುದಿಲ್ಲ. ಸರಕಾರಿ ಭಾಷೆಯಲ್ಲಿ ಅದಕ್ಕೆ 'ಸಜೀವ ಸ್ವವಿವರ' ಎಂದು ಹೆಸರು. ಹುಬ್ಬಳ್ಳಿಯಲ್ಲಿ ಎಲ್ಲರೂ ಗೊಂಬಿ ಅನ್ನುತ್ತಾರೆ. ಮನೆಯ ಗೋಡೆಗೆ ಒಂದು ಪುಟ್ಟ ಕ್ಯಾಮೆರಾ ಅಂಟಿಸಿಕೊಳ್ಳಬೇಕು. ಒಂದು ತಿಂಗಳು ಅದು ನಿಮ್ಮನ್ನು ನೋಡಿ, ಕೇಳಿ, ನಿಮ್ಮ ಹಾಗೆ ಮಾತಾಡುವ, ನಿಮ್ಮ ಹಾಗೆ ಯೋಚಿಸುವ ಗೊಂಬೆಯನ್ನು ಕಟ್ಟುತ್ತದೆ. ಅಂಗಿ, ಮೀಸೆ, ಹಾರುವ ಮೆಣಸಿನಕಾಯಿಗಳನ್ನು ಸ್ಟುಡಿಯೋದಲ್ಲಿ ಹಾಕಿಸಬಹುದು. ಆದರೆ ಬಾಯಿಗೆ ಮಾತು ತುರುಕುವಂತಿಲ್ಲ. ಹಿಂದೆ ಜನ ಕಾಗದದ ಮೇಲೆ ಬರೆದ ಸುಳ್ಳುಗಳಿಂದ ಬೇಸತ್ತು ಮಾಡಿದ ಕಾನೂನು ಇದು. ಗೊಂಬೆ ನೋಡಿ ಕಲಿತದ್ದನ್ನಷ್ಟೇ ಆಡಬೇಕು.

ಹೀಗೆ ಕಲಿತ ಗೊಂಬೆ ಸಂತೆಗೆ ಹೋಗುತ್ತದೆ. ವರ್ಷಕ್ಕೆ ಮೂರು ಸಂತೆ. ಅಲ್ಲಿ ಧಣಿಗಳ ಗೊಂಬೆಗಳೂ ಬಂದಿರುತ್ತವೆ. ಅವು ಕೇಳುತ್ತವೆ, ನಮ್ಮವು ಹೇಳುತ್ತವೆ; ಅವು ಕೆಟ್ಟ ಯಂತ್ರವೊಂದನ್ನು ಮುಂದಿಟ್ಟು ರಿಪೇರಿ ಮಾಡಿಸಿ ನೋಡುತ್ತವೆ. ಒಂದು ಭೇಟಿ ನಾವು ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಸತತ ಮೂರು ಸಂತೆಗಳಲ್ಲಿ ಯಾರಿಗೂ ಬೇಡವಾದ ಗೊಂಬೆಯನ್ನು ಕಾಯಮ್ಮಾಗಿ ಹೊರಗಿಡುತ್ತಾರೆ. ಆಮೇಲೆ ಆ ಮನುಷ್ಯನನ್ನು ಯಾವ ಧಣಿಯೂ ಮೂಸಿ ನೋಡುವುದಿಲ್ಲ. ಮಡಿವಾಳಪ್ಪನವರ ಗೊಂಬೆ ಎರಡು ಸಂತೆ ಸೋತು ಬಂದಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಾನು ಕೆಲಸ ಮಾಡುವುದೇ ಆ ಸಂತೆಯ ನಿಯಂತ್ರಣ ಕೊಠಡಿಯಲ್ಲಿ. ಧಾರವಾಡದ ರಸ್ತೆಯಲ್ಲಿರುವ ದೊಡ್ಡ ತಣ್ಣನೆಯ ಹಾಲ್. ಗೋಡೆ ತುಂಬ ದೀಪಗಳು, ಒಂದೊಂದು ದೀಪಕ್ಕೂ ಒಂದು ಭೇಟಿ. ಹಸಿರು ಎಂದರೆ ಕೆಲಸ ಸಿಕ್ಕಿತು, ಕೆಂಪು ಎಂದರೆ ಇಲ್ಲ. ಹಳದಿ ಎಂದರೆ ಎರಡು ಗೊಂಬೆಗಳ ಮಾತು ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಹಳದಿ ಬಿಡಿಸುವುದು ನಮ್ಮ ಕೆಲಸ. ಊರಿನವರಿಗೆಲ್ಲ ಕೆಲಸ ಸಿಗುವುದನ್ನು ನೋಡುತ್ತ ಕೂತವಳ ಗಂಡನೇ ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿ ಜೋಡಿಸಿ, ಮತ್ತೆ ಬಿಚ್ಚುತ್ತಿದ್ದರು.

ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೆಣಸಿನಕಾಯಿಯ ಶೀತಲ ಗೋದಾಮಿನ ಯಂತ್ರಗಳು ತಮ್ಮನ್ನು ತಾವೇ ನೋಡಿಕೊಳ್ಳಲು ಕಲಿತ ಮೇಲೆ ಇವರನ್ನು ಮನೆಗೆ ಕಳಿಸಿದ್ದರು. ಅಂದಿನಿಂದ ನಮ್ಮ ಫ್ರಿಜ್ಜಿಗೆ ಉಳಿಗಾಲವಿಲ್ಲ. ಬೆಳಿಗ್ಗೆ ಅದರ ಬೆನ್ನಿಗೆ ಕಿವಿ ಇಟ್ಟು ಕೇಳುತ್ತಾರೆ, ಸಂಜೆ ಮತ್ತೆ ಕೇಳುತ್ತಾರೆ. ಯಾರಾದರೂ ಬಾಗಿಲು ತೆರೆದು ಎರಡು ಕ್ಷಣ ನಿಂತರೆ ಸಾಕು, ಹಾಲ್‌ನಿಂದ ಕೂಗು: "ತಂಪು ಹೊಂಟತಲ್ಲ!" ನನಗಂತೂ ಬೆಂಡೆಕಾಯಿ ತೆಗೆಯುವುದಕ್ಕೂ ಹೆದರಿಕೆಯಾಗುತ್ತಿತ್ತು.

ಎರಡನೆಯ ಸಂತೆಯ ಫಲಿತಾಂಶ ಬಂದ ದಿನ ಅವರು ಫೋನನ್ನು ನನ್ನ ಮೂಗಿಗೆ ಹಿಡಿದರು. "ಓದು."

"ಅಭ್ಯರ್ಥಿಗೆ ಆಸಕ್ತಿ ಇಲ್ಲ," ಎಂದು ಓದಿದೆ.

"ನನಗ ಆಸಕ್ತಿ ಇಲ್ಲಂತ ಯಾವಾಂವ ಹೇಳಿದಾಂವ? ಹೋದ ಸಲಾನೂ ಇದನ್ನ ಬರದಿದ್ರು. ನಿಮ್ಮ ಆಫೀಸಿನವರಿಗೆ ತಲಿ ಐತೇನು?"

ಹಾಗೆಂದು ನೆಟ್ಟಗೆ ನಜೀರನ ಸ್ಟುಡಿಯೋಗೆ ಹೋದರು. ಈ ಸಲ ಗೊಂಬೆ ಒಂದು ಕಂಪ್ರೆಸರನ್ನು ಬುಗುರಿಯ ಹಾಗೆ ಅಂಗೈ ಮೇಲೆ ತಿರುಗಿಸತೊಡಗಿತು. ಮೆಣಸಿನಕಾಯಿಗಳ ಸಂಖ್ಯೆಯೂ ಹೆಚ್ಚಾಯಿತು. "ಇನ್ನ ಯಾರೂ ಕಣ್ಣ ತಗಿಯೂದಿಲ್ಲ ಭಾಬಿ," ಎಂದ ನಜೀರ್. ಕಣ್ಣು ತೆಗೆಯದಿದ್ದರೆ ಏನು ಬಂತು? ಧಣಿಗಳು ಬರುತ್ತಿದ್ದರು, ನೋಡುತ್ತಿದ್ದರು. ತೊಂದರೆ ಆಮೇಲೆ ಎಲ್ಲೋ ಇತ್ತು.

ಎರಡು ಸಲ ಸೋತವರು ತಮ್ಮ ಭೇಟಿಯನ್ನು ನಿಧಾನ ಮಾಡಿಸಿ ನೋಡಬಹುದು, ಕೇಂದ್ರದಲ್ಲಿ ಅದಕ್ಕೊಂದು ಕೋಣೆಯೇ ಇದೆ. ಇವರು ಒಪ್ಪಲಿಲ್ಲ. ಹೆಂಡತಿ ಕೆಲಸ ಮಾಡುವ ಕಡೆ ಹೋಗಿ ತಾನು ಸೋತದ್ದನ್ನು ನೋಡಬೇಕೇ? ನಾನು ಬಿಡಲಿಲ್ಲ, ಬೇಕಾದರೆ ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ ಎಂದೆ. ಹಾಕಿಕೊಂಡೇ ಬಂದರು.

ಎರಡನೆಯ ಸಂತೆಯಲ್ಲಿ ಅವರ ಗೊಂಬೆಯನ್ನು ಭೇಟಿಯಾದದ್ದು ಒಂದು ಐಸ್‌ಕ್ರೀಮ್ ಕಾರ್ಖಾನೆಯ ಗೊಂಬೆ, ಕೋಟು ಹಾಕಿದ ತೆಳ್ಳನೆಯ ಹೆಣ್ಣು. ಯಂತ್ರ ಕೆಟ್ಟಿದೆ ಎಂದಿತು. ನಮ್ಮ ಗೊಂಬೆ ಕಿವಿಯಿಟ್ಟು ಕೇಳಿ, ತಪ್ಪು ಹಿಡಿದು, ಸರಿ ಮಾಡಿತು. ಮಾಸ್ಕ್ ಒಳಗಿಂದಲೇ ಇವರು "ಶಹಬ್ಬಾಸ್" ಎಂದರು. ಕೋಟಿನ ಗೊಂಬೆ ನಕ್ಕು, "ಈ ಹುದ್ದೆ ನಿಮಗೆ ಕೊಡಲು ನಮಗೆ ಸಂತೋಷ. ಒಪ್ಪುತ್ತೀರಾ?" ಎಂದು ಕೇಳಿತು.

ಕೊಟ್ಟಿದ್ದರು! ಕೆಲಸ ಕೊಟ್ಟೇ ಇದ್ದರು!

ನಮ್ಮ ಗೊಂಬೆ ಮುಗುಳ್ನಕ್ಕಿತು. ಎಡಗೈಯ ಅಂಗೈ ಹರಡಿ ಮುಂದೆ ಅಡ್ಡ ಹಿಡಿದು, "ಅಯ್ಯ, ಬ್ಯಾಡ್ರಿ. ಇರ್ಲಿ ಬಿಡ್ರಿ," ಎಂದಿತು.

ಕೋಟಿನ ಗೊಂಬೆ ತಲೆಯಾಡಿಸಿ, ಏನೋ ಗುರುತು ಹಾಕಿಕೊಂಡು, ಬೆನ್ನು ತಿರುಗಿಸಿ ಹೊರಟಿತು. ಅದು ಹೊರಟ ಮೇಲೆ ನಮ್ಮ ಗೊಂಬೆಯ ಅಂಗೈ ಮೆಲ್ಲಗೆ ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ಹಾಗೇ ನಿಂತಿತು. ಮೆಣಸಿನಕಾಯಿಗಳು ಸುತ್ತ ಹಾರುತ್ತಲೇ ಇದ್ದವು, ಅದು ಕಾಯುತ್ತ ನಿಂತೇ ಇತ್ತು.

ಆ ಕೈ ನನಗೆ ಗೊತ್ತು. ಮದುವೆಯಾದಾಗಿನಿಂದ ಆ ಕೈಗೆ ಬಡಿಸುತ್ತ ಬಂದಿದ್ದೇನೆ. ಇನ್ನೊಂದು ರೊಟ್ಟಿ ಎಂದರೆ ತಾಟಿನ ಮೇಲೆ ಅಂಗೈ ಹರಡಿ ಬ್ಯಾಡ ಅನ್ನುತ್ತಾರೆ. ಅರ್ಧಾನರ ಹಾಕಿಸ್ಕೋರಿ ಎಂದರೆ, ಸಾಕು ಸಾಕು ಅನ್ನುತ್ತಾರೆ, ಕೈ ಮಾತ್ರ ಸ್ವಲ್ಪ ಸರಿಯುತ್ತದೆ. ಆ ಸಂದಿಯಲ್ಲಿ ರೊಟ್ಟಿ ಹಾಕಬೇಕು. ಹೂಂ ಎಂದು ಅವರ ಬಾಯಿಂದ ನಾನು ಕೇಳಿಯೇ ಇಲ್ಲ. ಅವರಪ್ಪನೂ ಹಾಗೇ, ನಮ್ಮಪ್ಪನೂ ಹಾಗೇ, ನಮ್ಮ ಕಡೆಯ ಪಂಕ್ತಿಯಲ್ಲಿ ಕೂತವರೆಲ್ಲ ಹಾಗೇ.

ಕ್ಯಾಮೆರಾ ಅಂಟಿಸಿದ್ದು ಊಟದ ಕೋಣೆಯ ಗೋಡೆಗೆ. ಅವರು ಬಾಯಿ ಬಿಟ್ಟು ಕೆಲಸದ ಮಾತಾಡುವುದು ತಾಟಿನ ಮುಂದೆ ಮಾತ್ರ ಎಂದು ನಾವೇ ಅಲ್ಲಿ ಅಂಟಿಸಿದ್ದೆವು. ಪಾಪ, ಅದಕ್ಕೆ ಕೊಡುವುದು ತೆಗೆದುಕೊಳ್ಳುವುದು ಅಂತ ಕಂಡದ್ದೆಲ್ಲ ರೊಟ್ಟಿ. ಅದೂ ಆ ತಿಂಗಳು ನನ್ನದು ಮಧ್ಯಾಹ್ನದ ಪಾಳಿ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಚಪ್ಪಲಿ. ಬ್ಯಾಡ ಎಂದರೆ ಬುಟ್ಟಿ ಮುಚ್ಚಿಟ್ಟು ಬಸ್ಸಿಗೆ ಓಡುತ್ತಿದ್ದೆ. ಇವರ ಅಂಗಿ ಯಾಕೆ ಸಡಿಲಾಗಿದೆ ಎಂದು ನನಗೆ ಆಗ ಹೊಳೆಯಿತು.

"ನೀವು ಬ್ಯಾಡ ಅಂದೀರಿ," ಎಂದೆ.

"ಮತ್ತೇನು? ಮೊದಲ ಸಲಕ್ಕ ಹೂಂ ಅಂತಾರೇನು? ಆಸೆಬುರುಕ ಅನಕೊಳ್ಳೂದಿಲ್ಲ? ಆಕಿ ಇನ್ನೊಮ್ಮೆ ಕೇಳಬೇಕಿತ್ತು. ಕೇಳೂ ರೀತಿನ ಗೊತ್ತಿಲ್ಲ ಆಕೀಗೆ." ಅವರು ನಿಜವಾಗಿ ನೊಂದಿದ್ದರು.

ಮೊದಲ ಸಂತೆಯ ಭೇಟಿಯನ್ನೂ ನೋಡಿದೆವು. ಅಲ್ಲೂ ಅದೇ ಬ್ಯಾಡ್ರಿ, ಅದೇ ಅಂಗೈ, ಅದೇ ಕಾಯುವುದು.

ಮೂರನೆಯ ಸಂತೆಗೆ ಮುಂಚೆ ಗೊಂಬೆಗೆ ಇನ್ನೊಂದು ಸಲ ಕಲಿಸಲು ಅವಕಾಶವಿತ್ತು. ಈ ಸಲದ ಸಂತೆಗೆ ಔಷಧಗಳ ಶೀತಲ ಗೋದಾಮು ಒಂದು ಬರುವುದಿತ್ತು. ಲಸಿಕೆಗಳನ್ನು ಕಾಯುವ ಕೆಲಸ, ಇವರಿಗೆ ಹೇಳಿ ಮಾಡಿಸಿದ್ದು. ಇದು ತಪ್ಪಿದರೆ ಮುಂದೆ ಏನೂ ಇಲ್ಲ. ನಾನು ಬೆಳಗಿನ ಪಾಳಿ ಕೇಳಿ ಪಡೆದೆ. ಮಧ್ಯಾಹ್ನ ಮನೆಗೆ ಬಂದು, ಕ್ಯಾಮೆರಾದ ಕೆಂಪು ಚುಕ್ಕೆ ಹೊತ್ತಿಸಿ, ಎದುರಿಗೆ ಕೂತೆ.

"ರೊಟ್ಟಿ ಹಾಕ್ಲ್ಯಾ? ಹೂಂ ಅನ್ರಿ."

"ಹೂ..." ಎಂದು ಕೆಮ್ಮಿದರು. ನೀರು ಕುಡಿದರು.

"ಹೂಂ, ಹಾಕು. ಇಷ್ಟ. ಏನ ದೊಡ್ಡ ಮಂತ್ರ ಅಲ್ಲ ಅದು."

"ಬರೂದಿಲ್ಲ ಮಂದಾ. ಬಾಯಾಗ ಬರೂದಿಲ್ಲ. ನಾ ಏನ ಬೇಡಿ ತಿನ್ನಾಂವೇನು?"

ಮರುದಿನವೂ ಅದೇ, ಅದರ ಮರುದಿನವೂ ಅದೇ. ಶೇಂಗಾ ಚಟ್ನಿ ಮಾಡಿದೆ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ಹೋಳಿಗೆಯನ್ನೂ ಮಾಡಿದೆ. ಹೋಳಿಗೆಯ ಮೇಲೂ ಆ ಅಂಗೈ ಬಂದು ಕೂತಿತು. ಕಂಪ್ರೆಸರಿನ ಮುಂದೆ ಇಷ್ಟು ಜಾಣರಾದ ಮನುಷ್ಯ ಒಂದು ಹೂಂ ಮುಂದೆ ಹೀಗೆ ಬೆವರುತ್ತಾರೆ ಎಂದರೆ ಯಾರು ನಂಬುತ್ತಾರೆ? ಸಂತೆ ಹತ್ತಿರ ಬಂದಂತೆ ನನಗೆ ನಿದ್ದೆ ಹತ್ತದಾಯಿತು, ಹೆಜ್ಜೆ ಹೆಜ್ಜೆಗೂ ಸಿಟ್ಟು. ಅವರೂ ಊಟ ಮಾಡಿ ಎದ್ದವರೇ ಫ್ರಿಜ್ಜಿನ ಬಳಿ ಹೋಗಿ ಕಿವಿ ಹಚ್ಚುತ್ತಿದ್ದರು.

ಕೊನೆಯ ದಿನ ಬಿಸಿ ರೊಟ್ಟಿ ಹಿಡಿದು ಕೇಳಿದೆ. "ಬ್ಯಾಡ," ಎಂದರು. ನನಗೆ ತಡೆಯಲಾಗಲಿಲ್ಲ. "ಬ್ಯಾಡಂದ್ರ ಬ್ಯಾಡ. ನಾ ಇನ್ನ ಕೇಳೂದಿಲ್ಲ," ಎಂದು ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಹೋಗಿ ಕಟ್ಟೆ ಹಿಡಿದು ನಿಂತೆ. ಹೊರಗೆ ತಾಟು ಸರಿದ ಸದ್ದೂ ಇಲ್ಲ, ಎದ್ದ ಸದ್ದೂ ಇಲ್ಲ.

ಬಹಳ ಹೊತ್ತಿನ ಮೇಲೆ ಅವರ ದನಿ ಬಂತು, ಸಣ್ಣಗೆ. "ಮಂದಾ, ಇನ್ನೊಮ್ಮೆ ಕೇಳು."

ನನಗೆ ಅಳು ಬಂತು. ಇಷ್ಟು ದಿನ ಆ ಕೈ ಹೇಳುತ್ತಿದ್ದದ್ದನ್ನು ಬಾಯಿ ಹೇಳಿತ್ತು. ಅದು ಹೂಂ ಅಲ್ಲ, ಆದರೆ ಇವರಿಗೆ ಅಷ್ಟು ಹೇಳುವುದಕ್ಕೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೊಬ್ಬಳಿಗೇ ಗೊತ್ತು. ಹೋಗಿ ಕೇಳಿದೆ. "ಬ್ಯಾಡ," ಎಂದರು, ಕೈ ಸರಿಸಿದರು. ಹಾಕಿದೆ. ಗೋಡೆಯ ಮೇಲೆ ಕೆಂಪು ಚುಕ್ಕೆ ಹೊತ್ತಿಯೇ ಇತ್ತು.

ಸಂತೆಯ ದಿನ ನಿಯಂತ್ರಣ ಕೊಠಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಲಕರ್ಣಿ ಸರ್. ನಿವೃತ್ತಿಗೆ ಹತ್ತಿರ ಬಂದವರು, ಚಹಾದ ಚಿಂತೆಯೊಂದು ಬಿಟ್ಟು ಬೇರೆ ಚಿಂತೆ ಇಲ್ಲದವರು. ಗೋಡೆಯ ಮೇಲೆ ಕೆಂಪು ಹಸಿರು ದೀಪಗಳು ಒಗ್ಗರಣೆಯ ಸಾಸಿವೆಯ ಹಾಗೆ ಸಿಡಿಯುತ್ತಿದ್ದವು. ಹಳದಿ ಬಂದರೆ ನಮ್ಮ ಮುಂದೆ ಎರಡು ಗುಂಡಿ. ಒಂದು 'ಮುಚ್ಚು', ಇನ್ನೊಂದು 'ಮನುಷ್ಯರಿಗೆ ಕೊಡು'. ಎರಡನೆಯದನ್ನು ಒತ್ತಿದರೆ ಧಣಿಯ ಕಡೆಯ ಜೀವಂತ ಮನುಷ್ಯರೊಬ್ಬರಿಗೆ ಆ ಭೇಟಿ ಹೋಗುತ್ತದೆ, ಅವರು ಫೋನ್ ಮಾಡಿ ಮಾತಾಡಬೇಕಾಗುತ್ತದೆ. ಧಣಿಗಳಿಗೆ ಅದು ಬೇಡದ ಕಿರಿಕಿರಿ, ಮೇಲಿನವರಿಗೆ ದೂರು ಹೋಗುತ್ತದೆ. ಹಾಗಾಗಿ ಎಲ್ಲರೂ ಒತ್ತುವುದು ಮುಚ್ಚು. ಮುಚ್ಚಿದರೆ ಕೆಂಪು ದೀಪ.

ಊಟದ ಹೊತ್ತಿಗೆ ನನ್ನ ಮುಂದೆ ಒಂದು ಹಳದಿ ಹೊತ್ತಿತು. ನಮಗೆ ಹೆಸರು ಕಾಣುವುದಿಲ್ಲ, ಬರೀ ಸಂಖ್ಯೆ, ಪಕ್ಕದಲ್ಲಿ ಉಗುರಿನಷ್ಟು ಚಿತ್ರ. ಆ ಚಿತ್ರದಲ್ಲಿ ಕೆಂಪಗೆ ಏನೋ ಹಾರುತ್ತಿತ್ತು. ನಜೀರ್, ನಿನ್ನ ಮೆಣಸಿನಕಾಯಿಗೆ ಜಯವಾಗಲಿ ಎಂದುಕೊಂಡೆ.

ನೆಂಟರ ಭೇಟಿಯನ್ನು ನಾವು ಮುಟ್ಟುವಂತಿಲ್ಲ, ಅದು ನಿಯಮ. ಎರಡೂ ಕೈ ಮೇಜಿನಿಂದ ಎತ್ತಿ, "ಸರ್, ಇದು ನಮ್ಮ ಮನಿಯವರದು. ನೀವ ನೋಡ್ರಿ," ಎಂದೆ.

ಕುಲಕರ್ಣಿ ಸರ್ ಒಂದು ಸಾಲು ಓದಿದರು. "ಧಣಿ ಗೊಂಬಿ ಕೇಳ್ಯದ, ಇವರು ಬ್ಯಾಡ ಅಂದಾರ. ಮುಗೀತಲ್ಲ? ಇದರಾಗ ಸಿಕ್ಕಿಹಾಕಿಕೊಳ್ಳೂದು ಏನದ?" ಬೆರಳು ಮುಚ್ಚು ಗುಂಡಿಯ ಮೇಲೆ ಹೋಯಿತು. ಅವರ ಕಣ್ಣು ಆಗಲೇ ಚಹಾದ ಕಡೆಗಿತ್ತು.

"ಸರ್, ಇನ್ನೊಮ್ಮೆ ನೋಡ್ರಿ," ಎಂದೆ. ಅಷ್ಟು ಹೇಳುವುದೂ ನಿಯಮಕ್ಕೆ ಹೊರಗೆ. ನನ್ನ ದನಿ ಹೇಗಿತ್ತೋ, ಅವರು ನನ್ನ ಮುಖ ನೋಡಿ ಬೆರಳು ತೆಗೆದರು. ಭೇಟಿಯನ್ನು ನಿಧಾನ ಮಾಡಿ ಹಾಕಿದರು.

ಔಷಧ ಗೋದಾಮಿನ ಗೊಂಬೆ ಬಿಳಿ ಅಂಗಿಯ ಹುಡುಗ. "ಒಪ್ಪುತ್ತೀರಾ?" ಎಂದ. ನಮ್ಮ ಗೊಂಬೆ ಅಂಗೈ ಹರಡಿ, "ಬ್ಯಾಡ್ರಿ," ಎಂದಿತು. ಹುಡುಗ ಬೆನ್ನು ತಿರುಗಿಸಿದ. ಆಗ ನಮ್ಮ ಗೊಂಬೆ ಒಂದು ಹೆಜ್ಜೆ ಮುಂದೆ ಬಂದು, ಸಣ್ಣ ದನಿಯಲ್ಲಿ, "ಇನ್ನೊಮ್ಮೆ ಕೇಳ್ರಿ," ಎಂದಿತು.

ಹುಡುಗ ತಿರುಗಿ ಬಂದು ಕೇಳಿದ. "ಅಯ್ಯ, ನಿಮಗ್ಯಾಕ ತ್ರಾಸ," ಎಂದಿತು ಗೊಂಬೆ, ಕೈ ನಾಲ್ಕು ಬೆರಳು ಸರಿಯಿತು. ಹುಡುಗನಿಗೆ ಕೈ ತಿಳಿಯಲಿಲ್ಲ, ಹೊರಟ. "ಇನ್ನೊಮ್ಮೆ ಕೇಳ್ರಿ." ಮತ್ತೆ ಬಂದ. ಹೋಗುವುದು, ಬರುವುದು, ಕೇಳುವುದು, ಸರಿಯುವುದು. ಕಣ್ಣು ಮಿಟುಕಿಸುವುದರೊಳಗೆ ಎಷ್ಟು ಸಾವಿರ ಸಲ ನಡೆದಿತ್ತೋ ದೇವರೇ ಬಲ್ಲ.

ಕುಲಕರ್ಣಿ ಸರ್ ಹೊಟ್ಟೆ ಹಿಡಿದು ನಗತೊಡಗಿದರು. "ಅಲ್ಲ್ರೀ ಮಂದಾಕಿನಿ, ಇದು ಬೀಗರ ಮನಿ ಪಂಕ್ತಿ ಆತಲ್ಲ! ಈ ಹುಡುಗಗ ಬಡಸಲಿಕ್ಕೆ ಬರೂದಿಲ್ಲ, ಅಷ್ಟ." ನಗುತ್ತಲೇ ಕಣ್ಣು ಒರೆಸಿಕೊಂಡು, 'ಮನುಷ್ಯರಿಗೆ ಕೊಡು' ಒತ್ತಿದರು. "ದೂರು ಬಂದ್ರ ಬರಲಿ. ನನ್ನ ಏನ ಮಾಡ್ತಾರ ಇನ್ನ."

ಮರುದಿನ ರಜೆ. ಇವರು ಊಟಕ್ಕೆ ಕೂತಿದ್ದಾಗ ಫೋನ್ ಬಂತು. ಕೈ ಎಂಜಲು ಎಂದು ಸ್ಪೀಕರ್ ಹಾಕಿ ತಾಟಿನ ಪಕ್ಕದಲ್ಲಿಟ್ಟರು.

"ನಮಸ್ಕಾರ್ರಿ, ನಾ ಲಲಿತಾ ಅಂಗಡಿ ಅಂತ. ಔಷಧದ ಗೋದಾಮಿನಿಂದ. ನಿಮ್ಮ ಗೊಂಬಿ ನಮ್ಮ ಗೊಂಬೀನ ಓಡಾಡಿಸಿ ಸುಸ್ತ ಮಾಡೇತಿ ನೋಡ್ರಿ," ಎಂದಿತು ಹೆಂಗಸಿನ ಗಟ್ಟಿ ದನಿ. ನವಲಗುಂದದ ಕಡೆಯ ಮಾತು. "ಒಂದ ಕೇಳ್ತೀನಿ. ಕರೆಂಟ್ ಹೋಗೇತಿ, ಲಸಿಕಿ ಕೋಣಿ ಬಿಸಿ ಆಗಾಕತ್ತೇತಿ. ಮೊದಲ ಏನ ಮಾಡ್ತೀರಿ?"

"ಬಾಗಲಾ ತಗಿಯೂದಿಲ್ರಿ," ಎಂದರು ಇವರು ಕೂಡಲೇ. "ಒಳಗ ಏನಾಗೇತಿ ಅಂತ ನೋಡಾಕ ಎಲ್ಲಾರೂ ಓಡಿ ಬಂದು ಬಾಗಲಾ ತಗೀತಾರ. ಇದ್ದ ತಂಪು ಅಲ್ಲೇ ಹೊರಗ ಹೊಕ್ಕೇತಿ. ಬಾಗಲಕ ಅಡ್ಡ ಒಬ್ಬನ್ನ ನಿಲ್ಲಸ್ತೀನ್ರಿ, ಆಮ್ಯಾಲ ಜನರೇಟರ್ ಕಡೆ ಹೊಕ್ಕೀನಿ."

"ಸೋಮವಾರದಿಂದ ಬರ್ತೀರೇನ್ರಿ? ಕೆಲಸ ನಿಮಗ ಕೊಟ್ಟೇವಿ."

ಇವರ ಮುಖ ಅರಳಿತು. ಕಣ್ಣು ತುಂಬಿತು. ಬಾಯಿ ಬಿಟ್ಟು ಅಂದದ್ದು, "ಅಯ್ಯ, ಇರ್ಲಿ ಬಿಡ್ರಿ... ನನಗಿಂತ ಶಾಣ್ಯಾ ಹುಡುಗರು ಇರ್ತಾರ..."

ಒಂದು ವರ್ಷದ ಓಡಾಟ, ಮೂರು ಸಂತೆ, ಎಲ್ಲ ತಾಟಿನ ಪಕ್ಕದ ಆ ಕಪ್ಪು ಡಬ್ಬಿಯೊಳಗೆ ಸುಮ್ಮನೆ ಕೂತಿತ್ತು. ಇವರ ಎಡಗೈ ತಾಟಿನ ಮೇಲೆ ಹರಡಿತ್ತು. ಇನ್ನೊಮ್ಮೆ ಕೇಳ್ರಿ ಎನ್ನಲೂ ಬಾಯಿ ಬರುತ್ತಿಲ್ಲ. ಹಾಗೇ ನೋಡುತ್ತಿದ್ದಂತೆ ಆ ಕೈ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

ನಾನು ಫೋನಿನ ಮೇಲೆ ಬಾಗಿದೆ. "ಅಕ್ಕಾರ, ನಾ ಇವರ ಮನಿಯಾಕಿ. ಅವರು ಕೈ ಸರಿಸ್ಯಾರ್ರಿ."

ಆ ಕಡೆಯಿಂದ ದನಿ ಬಂತು. "ಎಷ್ಟು ಸರಿಸ್ಯಾರ?"

"ನಾಕ ಬೆರಳು."

"ಸಾಕಲ್ಲ ಮತ್ತ. ನಾ ಬಡಸೇನಿ, ತಿಳೀತೇನ್ರಿ? ಸೋಮವಾರ ಮುಂಜಾನೆ ಬರ್ರಿ ಅಂತ ಹೇಳ್ರಿ ಅವರಿಗೆ," ಎಂದು ನಗುತ್ತ ಫೋನಿಟ್ಟರು.

ಇವರು ತಾಟು ನೋಡುತ್ತ ಕೂತರು. ನಾನು ಎದ್ದು ಗೋಡೆಯ ಕ್ಯಾಮೆರಾ ಕಿತ್ತು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಬಂದು ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿದೆ.

"ಬ್ಯಾಡ, ಸಾಕು," ಎಂದರು.

ಹಾಕಿದೆ.